ಹಳೆ ಕಾರು, ಹೊಸ ಬಲೆ

ದಾವಣಗೆರೆಯಂಥ ಒಂದು ಊರು. ಅಪ್ಪ ಪ್ರೌಢಶಾಲೆಯ ಮೇಷ್ಟ್ರು, ನಿವೃತ್ತಿಗೆ ಇನ್ನೊಂದು ವರ್ಷ. ಮಗ ಇಂಜಿನಿಯರಿಂಗ್ ಮೂರನೆಯ ವರ್ಷ. ಅಜ್ಜಿಗೆ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗಲೆಲ್ಲ ಬಾಡಿಗೆ ಗಾಡಿ. 'ಒಂದು ಹಳೆಯ ಕಾರಾದರೂ ಇದ್ದಿದ್ದರೆ' ಎಂಬ ಮಾತು ಆ ಮನೆಯಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಕಾರು ಹುಡುಕುವ ಕೆಲಸ ಸಹಜವಾಗಿಯೇ ಮಗನ ಪಾಲಿಗೆ ಬಂತು. ಮನೆಯಲ್ಲಿ ಮೊಬೈಲು ಚೆನ್ನಾಗಿ ಬಲ್ಲವನು ಅವನೇ ತಾನೆ!

ಒಂದು ರಾತ್ರಿ ಅವನ ಕಣ್ಣಿಗೆ ಜಾಹೀರಾತೊಂದು ಬಿತ್ತು. ಏಳು ವರ್ಷದ ಸಣ್ಣ ಕಾರು, ಬಿಳಿ ಬಣ್ಣ, ಒಬ್ಬರೇ ಮಾಲೀಕರು, ಓಡಿದ್ದು ಬರೀ 28,000 ಕಿಲೋಮೀಟರು. ಅಂಥ ಗಾಡಿಗೆ ಊರಿನಲ್ಲಿ ನಾಲ್ಕು ಲಕ್ಷ ಹೇಳುತ್ತಾರೆ. ಇಲ್ಲಿ ಬೆಲೆ ಒಂದು ಲಕ್ಷ ಎಂಬತ್ತು ಸಾವಿರ.

"ಇಷ್ಟು ಕಡಿಮೆಗೆ ಯಾಕೋ ಕೊಡ್ತಾರೆ?" ಅಪ್ಪ ಕೇಳಿದರು.

"ಮಿಲಿಟರಿಯವರಂತೆ ಅಪ್ಪಾಜಿ. ಬೆಂಗಳೂರಿಂದ ಕಾಶ್ಮೀರಕ್ಕೆ ವರ್ಗ ಆಗಿದೆಯಂತೆ. ಅರ್ಜೆಂಟು."

"ಹಂಗಾದ್ರೆ ಸರಿ ಬಿಡು. ಮಿಲಿಟರಿಯವರು ಸುಳ್ಳು ಹೇಳಲ್ಲ."

ಅತ್ತ ಕಡೆಯ ವ್ಯಕ್ತಿ ಸಮವಸ್ತ್ರದ ಫೋಟೊ ಕಳಿಸಿದ, ಗುರುತಿನ ಚೀಟಿ ಕಳಿಸಿದ, ಆರ್‌ಸಿಯ ಫೋಟೊವನ್ನೂ ಕಳಿಸಿದ. ಗಾಡಿ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿದೆ, ಸೈನ್ಯದ ಲಾರಿಯಲ್ಲೇ ಮನೆ ಬಾಗಿಲಿಗೆ ಬರುತ್ತದೆ, ನೋಡಿ ಒಪ್ಪಿಗೆಯಾದರೆ ಮಾತ್ರ ಹಣ ಕೊಡಿ ಎಂದ. ಸದ್ಯಕ್ಕೆ ಗೇಟ್ ಪಾಸಿಗೆ 3,150 ರೂಪಾಯಿ ಸಾಕು. ಮರುದಿನ ಜಿಎಸ್‌ಟಿಗೆಂದು 8,200. ಅದು ವಾಪಸು ಬರುತ್ತದಂತೆ. ಸಂಜೆ ಸಾಗಣೆಯ ವಿಮೆಗೆ 15,500. ಹಣ ತಡವಾಗಿ ಬಂದದ್ದಕ್ಕೆ ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಿದೆ, 21,000 ಕಟ್ಟದಿದ್ದರೆ ಹಿಂದಿನದ್ದೂ ಹೋಯಿತು ಎಂಬ ಬೆದರಿಕೆ ರಾತ್ರಿ ಬಂತು. ಒಟ್ಟು 47,850 ರೂಪಾಯಿ ಹೋದ ಮೇಲೆ ಫೋನು ಸ್ವಿಚ್ ಆಫ್ ಆಯಿತು. ಅದು ಹುಡುಗನ ಕಾಲೇಜು ಶುಲ್ಕದ ಹಣ. ಅವನು ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಒಟ್ಟುಗೂಡಿಸಿ ಹೇಳಿದ್ದು. ಊರು, ಮೊತ್ತ, ಕಾರಿನ ಬಣ್ಣ ಬೇರೆ ಬೇರೆ ಇರಬಹುದು. ಆದರೆ ಬಲೆಯ ಹೆಣಿಗೆ ಮಾತ್ರ ಹೆಚ್ಚು ಕಡಿಮೆ ಒಂದೇ. ಅದನ್ನು ಒಮ್ಮೆ ಬಿಡಿಸಿ ನೋಡಿದವರು ಅದರಲ್ಲಿ ಬೀಳುವುದು ಕಡಿಮೆ.

ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ

ಹಳೆಯ ಕಾರಿನ ವ್ಯಾಪಾರದಲ್ಲಿ ಮೋಸಕ್ಕೆ ಜಾಗ ಏಕಿದೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉತ್ತರವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಹೆಸರು 'ದಿ ಮಾರ್ಕೆಟ್ ಫಾರ್ ಲೆಮನ್ಸ್'. ಕೊಂಡ ಮೇಲೆ ಕೈಕೊಡುವ ಕಾರನ್ನು ಅಮೆರಿಕದ ಆಡುಮಾತಿನಲ್ಲಿ 'ನಿಂಬೆಹಣ್ಣು' ಎನ್ನುತ್ತಾರೆ. ಮೂರು ಪತ್ರಿಕೆಗಳು ಈ ಲೇಖನವನ್ನು ತಿರಸ್ಕರಿಸಿದ್ದವು. ಮುಂದೆ 2001ರಲ್ಲಿ ಅಕರ್ಲಾಫ್ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಸ್ಮಾರಕ ಪ್ರಶಸ್ತಿ ಬಂತು.

ಅವರ ವಾದ ಸರಳ. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯ ಗಾಡಿಗೆ ನಾಲ್ಕು ಲಕ್ಷ, ಕೆಟ್ಟದ್ದಕ್ಕೆ ಎರಡು ಲಕ್ಷ ಬೆಲೆ ಎಂದಿಟ್ಟುಕೊಳ್ಳೋಣ. ಯಾವುದು ಯಾವುದೆಂದು ತಿಳಿಯದ ಗ್ರಾಹಕ ಸರಾಸರಿ ಲೆಕ್ಕ ಹಾಕಿ ಮೂರು ಲಕ್ಷ ಕೊಡಲು ಒಪ್ಪುತ್ತಾನೆ. ಆಗ ಒಳ್ಳೆಯ ಗಾಡಿ ಇಟ್ಟುಕೊಂಡವನು 'ಈ ಬೆಲೆಗೆ ನಾನೇಕೆ ಮಾರಲಿ' ಎಂದು ಸುಮ್ಮನಾಗುತ್ತಾನೆ. ಕೆಟ್ಟ ಗಾಡಿಯವನು ಸಂತೋಷದಿಂದ ಮುಂದೆ ಬರುತ್ತಾನೆ. ಹೀಗೆ ಮಾರುಕಟ್ಟೆಯಲ್ಲಿ ಕೆಟ್ಟದ್ದು ಉಳಿದು ಒಳ್ಳೆಯದು ಜಾಗ ಬಿಡುತ್ತದೆ. ಇದಕ್ಕೆಲ್ಲ ಮೂಲ ತಿಳಿವಳಿಕೆಯ ಅಂತರ.

ಮೊದಲು ಈ ಅಂತರವನ್ನು ತುಂಬುತ್ತಿದ್ದವರು ಊರಿನ ಮೆಕ್ಯಾನಿಕ್ಕು, ಪರಿಚಯದ ದಲ್ಲಾಳಿ, ಗಾಡಿ ಹಿಂದೆ ಯಾರ ಮನೆಯಲ್ಲಿತ್ತೆಂದು ಬಲ್ಲ ನೆರೆಹೊರೆ. ದಲ್ಲಾಳಿ ಕಮಿಷನ್ ತಿನ್ನುತ್ತಿದ್ದ, ನಿಜ. ಆದರೆ ಗಾಡಿ ಕೈಕೊಟ್ಟರೆ ಹೋಗಿ ಜಗಳವಾಡಲು ಅವನ ಅಂಗಡಿಯಾದರೂ ಇರುತ್ತಿತ್ತು. ಅಂತರಜಾಲ ನೂರಾರು ಗಾಡಿಗಳನ್ನು ಅಂಗೈಗೆ ತಂದಿತು; ಅದರ ಜೊತೆಗೆ ಮಾರುವವನ ಮುಖವನ್ನು ಮರೆ ಮಾಡಿತು. ಯಾರು ಬೇಕಾದರೂ ಜಾಹೀರಾತು ಹಾಕಬಹುದಾದ ತಾಣ ಒಂದು ಗೋಡೆ ಇದ್ದಂತೆ. ಗೋಡೆಯ ಮೇಲೆ ಬರೆದಿದ್ದೆಲ್ಲ ನಿಜವೆಂದು ಯಾರೂ ನಂಬುವುದಿಲ್ಲ. ಆದರೆ ಅದೇ ಮಾತು ಮೊಬೈಲಿನ ಪರದೆಯ ಮೇಲೆ ಬಂದರೆ ಯಾಕೋ ನಂಬಿಕೆ ಹುಟ್ಟುತ್ತದೆ!

ಬಲೆಯ ಬಗೆಗಳು

ಮೊದಲನೆಯದು ಮೇಷ್ಟ್ರ ಮನೆಯಲ್ಲಿ ನಡೆದದ್ದು. ಇಲ್ಲಿ ಕಾರೇ ಇಲ್ಲ. ಫೋಟೊಗಳು ಬೇರೆ ಯಾರದೋ ಜಾಹೀರಾತಿನಿಂದ ಎತ್ತಿದವು. ಸಮವಸ್ತ್ರ, ವರ್ಗಾವಣೆ, ವಿಮಾನ ನಿಲ್ದಾಣ – ಇವೆಲ್ಲ ಮೂರು ಕೆಲಸ ಮಾಡುತ್ತವೆ: ಗೌರವ ಹುಟ್ಟಿಸುತ್ತವೆ, ಅಗ್ಗದ ಬೆಲೆಗೆ ಕಾರಣ ಕೊಡುತ್ತವೆ, ಗಾಡಿಯನ್ನು ಖುದ್ದು ನೋಡಲಾಗದ್ದಕ್ಕೆ ನೆಪ ಒದಗಿಸುತ್ತವೆ. ಮೊದಲ ಮೊತ್ತ ಬೇಕೆಂದೇ ಸಣ್ಣದು. ಮೂರು ಸಾವಿರ ಕೊಟ್ಟವನು ಅದನ್ನು ಉಳಿಸಿಕೊಳ್ಳಲು ಎಂಟು ಸಾವಿರ ಕೊಡುತ್ತಾನೆ, ಎಂಟನ್ನು ಉಳಿಸಿಕೊಳ್ಳಲು ಹದಿನೈದು. ಕಳೆದದ್ದನ್ನು ಬಿಟ್ಟು ಎದ್ದು ಬರುವುದು ಜೂಜಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಕಷ್ಟ.

ಎರಡನೆಯದು ಇನ್ನೂ ನಯವಾದದ್ದು. ಇದರಲ್ಲಿ ಕಾರು ಇದೆ, ಅದರ ನಿಜವಾದ ಮಾಲೀಕನೂ ಇದ್ದಾನೆ. ವಂಚಕ ಅವನ ಜಾಹೀರಾತನ್ನು ನಕಲು ಮಾಡಿ ಕಡಿಮೆ ಬೆಲೆಗೆ ಬೇರೆಡೆ ಹಾಕುತ್ತಾನೆ. ಮಾಲೀಕನಿಗೆ ಫೋನು ಮಾಡಿ, 'ಗಾಡಿ ನನಗೆ ಬೇಕು, ನೋಡಲು ನನ್ನ ಭಾವಮೈದುನ ಬರುತ್ತಾನೆ. ಅವನ ಹತ್ತಿರ ಬೆಲೆಯ ಮಾತು ಎತ್ತಬೇಡಿ' ಎನ್ನುತ್ತಾನೆ. ಕೊಳ್ಳುವವನಿಗೆ, 'ಗಾಡಿ ನನ್ನದೇ, ಈಗ ನಮ್ಮಣ್ಣನ ಮನೆಯಲ್ಲಿದೆ. ಹೋಗಿ ನೋಡಿ, ಅವನ ಹತ್ತಿರ ದುಡ್ಡಿನ ವಿಷಯ ಆಡಬೇಡಿ' ಎನ್ನುತ್ತಾನೆ. ಕೊಳ್ಳುವವನು ಹೋಗಿ ಕಾರು ನೋಡುತ್ತಾನೆ, ಓಡಿಸುತ್ತಾನೆ, ಕಾಗದವೂ ಸರಿ ಇರುತ್ತದೆ. ನಂಬಿ ಫೋನಿನಲ್ಲಿ ಹೇಳಿದ ಖಾತೆಗೆ ಹಣ ಹಾಕುತ್ತಾನೆ. ಮಾಲೀಕ 'ನನಗೆ ದುಡ್ಡೇ ಬಂದಿಲ್ಲವಲ್ಲ' ಎಂದಾಗ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರೆಂದುಕೊಳ್ಳುತ್ತಾರೆ. ನಿಜವಾದ ಕಳ್ಳ ಆ ಅಂಗಳಕ್ಕೆ ಕಾಲೇ ಇಟ್ಟಿರುವುದಿಲ್ಲ.

ಮೂರನೆಯದರಲ್ಲಿ ಗಾಡಿ ಎದುರಿಗೇ ಇರುತ್ತದೆ, ಸುಳ್ಳಾಗಿರುವುದು ಕಾಗದ. ಬಾಡಿಗೆಗೆ ತಂದ ಕಾರಿಗೆ ನಕಲಿ ಆರ್‌ಸಿ ಮಾಡಿಸಿ ಮಾರುವುದು, ಬ್ಯಾಂಕಿನ ಸಾಲ ತೀರದ ಗಾಡಿಯನ್ನು ಸಾಲದ ಸುದ್ದಿ ಎತ್ತದೆ ದಾಟಿಸುವುದು, ಕಳವಿನ ಗಾಡಿಗೆ ಬೇರೆ ನಂಬರು ಹಾಕುವುದು ಈ ಜಾತಿಯವು. ನಾಲ್ಕನೆಯದು ಹಳೆಯ ಕಾಲದಿಂದಲೂ ಇರುವ ವಿದ್ಯೆ. ಮೀಟರು ಹಿಂದಕ್ಕೆ ತಿರುಗಿಸುವುದು, ಅಪಘಾತದ ಗಾಡಿಗೆ ಟಿಂಕರಿಂಗ್ ಮಾಡಿಸಿ ಹೊಸದರಂತೆ ತೋರಿಸುವುದು, ನೀರಿನಲ್ಲಿ ಮುಳುಗಿದ್ದನ್ನು ಒಣಗಿಸಿ ಮಾರುವುದು.

ಈ ನಾಲ್ಕೂ ಬಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಒಂದರಲ್ಲಿ ಗಾಡಿ ಇಲ್ಲ, ಇನ್ನೊಂದರಲ್ಲಿ ಹಣ ಪಡೆಯುವವನು ಮಾಲೀಕನಲ್ಲ, ಮತ್ತೊಂದರಲ್ಲಿ ಕಾಗದ ನಿಜವಲ್ಲ. ಗಾಡಿ, ಕಾಗದ, ಮನುಷ್ಯ – ಈ ಮೂರೂ ಒಂದೇ ಕಡೆ ಸೇರಿ ಒಂದಕ್ಕೊಂದು ತಾಳೆಯಾಗುವ ತನಕ ಜೇಬಿನಿಂದ ಒಂದು ರೂಪಾಯಿಯೂ ಹೊರಡಬಾರದು. ಉಳಿದ ಎಚ್ಚರಿಕೆಗಳೆಲ್ಲ ಈ ಒಂದು ಮಾತಿನ ವಿಸ್ತರಣೆ ಅಷ್ಟೆ.

ಮೊದಲು ಗಾಡಿ

ಗಾಡಿಯನ್ನು ಹಗಲು ಬೆಳಕಿನಲ್ಲಿ, ಮಾಲೀಕರ ಮನೆಯ ಮುಂದೆ ನೋಡುವುದು ಒಳ್ಳೆಯದು. ಹೆದ್ದಾರಿ ಬದಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಸಿಗೋಣ ಎನ್ನುವವರ ಮನೆಯ ವಿಳಾಸ ಕೇಳಬೇಕು. ಜೊತೆಗೆ ಪರಿಚಯದ ಮೆಕ್ಯಾನಿಕ್ಕನ್ನು ಕರೆದೊಯ್ಯಬೇಕು. ಅವರಿಗೆ ಕೊಡುವ ಕೆಲವು ನೂರು ರೂಪಾಯಿ ಇಡೀ ವ್ಯವಹಾರದಲ್ಲೇ ಅತಿ ಸಾರ್ಥಕ ಖರ್ಚು. ಇಂಜಿನ್ನು ತಣ್ಣಗಿರುವಾಗ ಮೊದಲ ಬಾರಿ ಸ್ಟಾರ್ಟ್ ಮಾಡುವುದನ್ನು ಎದುರಿಗೇ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚುತ್ತಿದ್ದಾರೆಂದು ಅನುಮಾನಿಸಬಹುದು. ಹೊಗೆಯಲ್ಲಿ ನೀಲಿ ಛಾಯೆ ಇದ್ದರೆ ಇಂಜಿನ್ನು ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಆಯಿಲಿಗೆ ನೀರು ಸೇರುತ್ತಿರಬಹುದು. ಮೆಕ್ಯಾನಿಕ್ಕಿಗೆ ತೋರಿಸದೆ ಮುಂದುವರಿಯಬಾರದು.

ಮೀಟರನ್ನು ಮಾತ್ರ ನಂಬಿ ಕೂರುವಂತಿಲ್ಲ. ಡಿಜಿಟಲ್ ಮೀಟರಿನ ಅಂಕಿಯನ್ನೂ ಸಣ್ಣದೊಂದು ಉಪಕರಣದಿಂದ ಬದಲಿಸಬಹುದು. ಆದರೆ ಗಾಡಿಯ ಮೈ ಸುಳ್ಳು ಹೇಳುವುದಿಲ್ಲ. 28,000 ಕಿಲೋಮೀಟರು ಓಡಿದ ಗಾಡಿಯ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿರುವುದಿಲ್ಲ. ಸ್ಟೇರಿಂಗಿನ ಹೊದಿಕೆ ಹೊಳೆಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಆ ಟೈರು ತಯಾರಾದದ್ದು 2019ರ 23ನೆಯ ವಾರದಲ್ಲಿ. ನಾಲ್ಕೂ ಟೈರು ಬದಲಾಗಿದ್ದು ಮೀಟರು ಮಾತ್ರ ಇಪ್ಪತ್ತು ಸಾವಿರದಲ್ಲಿ ನಿಂತಿದ್ದರೆ ಕಾರಣ ಕೇಳಲೇಬೇಕು. ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಪ್ರತಿ ಸರ್ವೀಸಿಗೂ ಅಂದಿನ ಕಿಲೋಮೀಟರು ದಾಖಲಾಗಿರುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಆ ದಾಖಲೆ ನೋಡಿದರೆ ಸಂಶಯಕ್ಕೆ ಉತ್ತರ ಸಿಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, 2023ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಎಲ್ಲರೂ ನೋಡಿದ್ದಾರೆ. ಮುಳುಗಿದ ಗಾಡಿಗಳೂ ಕೊನೆಗೆ ಎಲ್ಲಿಗಾದರೂ ಹೋಗಲೇಬೇಕಲ್ಲ! ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ತುದಿಯಲ್ಲಿ ಕೆಸರಿನ ಗೆರೆ ಕಂಡೀತು. ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ ತುಕ್ಕು, ಕಾರ್ಪೆಟಿನ ಕೆಳಗೆ ಒಣಗಿದ ಮಣ್ಣು, ಹೆಡ್‌ಲೈಟಿನ ಒಳಗೆ ಮಂಜು, ಬಾಗಿಲು ಮುಚ್ಚಿದಾಗ ಮುಗ್ಗಲು ವಾಸನೆ – ಇವು ನೀರಿನ ಗುರುತುಗಳು. ಒಳಗೆ ಸುಗಂಧದ ಡಬ್ಬಿ ಘಮಘಮಿಸುತ್ತಿದ್ದರೆ ಮೂಗು ಇನ್ನಷ್ಟು ಚುರುಕಾಗಬೇಕು.

ಆಮೇಲೆ ಕಾಗದ

ಆರ್‌ಸಿಯ ಫೋಟೊ ಆರ್‌ಸಿ ಅಲ್ಲ. ಈಗ ಶಾಲೆಯ ಹುಡುಗರೂ ಮೊಬೈಲಿನಲ್ಲಿ ಫೋಟೊ ತಿದ್ದುತ್ತಾರೆ. ಮೂಲ ಆರ್‌ಸಿ ಕೈಗೆ ತೆಗೆದುಕೊಂಡು, ಅದರಲ್ಲಿನ ಚಾಸಿ ನಂಬರು ಮತ್ತು ಇಂಜಿನ್ ನಂಬರನ್ನು ಗಾಡಿಯ ಮೇಲಿನ ಅಂಕಿಗಳೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಈಗಿನ ಕಾರುಗಳ ಚಾಸಿ ನಂಬರಿನಲ್ಲಿ 17 ಅಕ್ಷರ–ಅಂಕಿಗಳಿರುತ್ತವೆ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ವರ್ಗಾವಣೆಯ ಅರ್ಜಿಗೆ ಹೇಗೂ ಅದು ಬೇಕಾಗುತ್ತದೆ. ಮೊದಲೇ ತೆಗೆದುಕೊಂಡರೆ ಉಜ್ಜಿ ತಿದ್ದಿದ ಗುರುತೂ ಗೊತ್ತಾಗುತ್ತದೆ.

ಮುಂದಿನದು ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸ, ಇದನ್ನು ಮಕ್ಕಳಿಗೆ ಒಪ್ಪಿಸಬಹುದು. ಕೇಂದ್ರ ಸರ್ಕಾರದ 'ಪರಿವಾಹನ' ಜಾಲತಾಣದಲ್ಲಿ ಇಲ್ಲವೇ 'ಎಂಪರಿವಾಹನ್' ಆ್ಯಪ್‌ನಲ್ಲಿ ಗಾಡಿಯ ನಂಬರು ಕೊಟ್ಟರೆ ನೋಂದಣಿಯಾದ ದಿನ, ಗಾಡಿಯ ಮಾದರಿ, ಇಂಧನ, ವಿಮೆಯ ಅವಧಿಯಂಥ ವಿವರಗಳು ತೆರೆದುಕೊಳ್ಳುತ್ತವೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮರೆಯಾಗಿರುತ್ತವೆ. ಆದರೂ ಎದುರಿಗಿರುವವರ ಹೆಸರಿಗೆ ತಾಳೆ ನೋಡಲು ಅಷ್ಟು ಸಾಕು. ಬಾಕಿ ಉಳಿದ ಸಂಚಾರ ದಂಡವನ್ನೂ ಇ–ಚಲನ್ ತಾಣದಲ್ಲಿ ನೋಡಬಹುದು. ಕಳವಾದ ವಾಹನಗಳ ಮಾಹಿತಿ ಪರಿಶೀಲಿಸಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸಾರ್ವಜನಿಕರಿಗೆ ಸೌಲಭ್ಯ ಒದಗಿಸಿದೆ.

ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆಯ ಹೆಸರಿದ್ದರೆ ಗಾಡಿಯ ಮೇಲೆ ಸಾಲದ ಹಕ್ಕು ಇನ್ನೂ ಇದೆ ಎಂದು ತಿಳಿಯಬೇಕು. 'ಸಾಲ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೆ' ಎಂಬ ಮಾತು ನಿಜವಿರಲೂಬಹುದು. ಹಾಗಿದ್ದರೆ ಬ್ಯಾಂಕು ಕೊಟ್ಟ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ ಫಾರಂ 35 ಅವರ ಬಳಿ ಇರಬೇಕು. ಅನುಮಾನವಿದ್ದರೆ ಪತ್ರ ಕೊಟ್ಟ ಶಾಖೆಗೇ ಹೋಗಿ ವಿಚಾರಿಸಬಹುದು. ಬ್ಯಾಂಕಿನ ಹೆಸರು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡುವುದು ಸುರಕ್ಷಿತ.

ಹೊರರಾಜ್ಯದ ಗಾಡಿಗಳ ಅಗ್ಗದ ಬೆಲೆಗೆ ಮರುಳಾಗುವವರು ಇನ್ನೂ ಎರಡು ಲೆಕ್ಕ ಹಾಕಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014–15ರಲ್ಲಿ ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಹಳೆಯ ಗಾಡಿಗಳು ಅಗ್ಗವಾಗಿ ಬೇರೆ ರಾಜ್ಯಗಳತ್ತ ಹರಿಯತೊಡಗಿದವು. ಆದರೆ ಅಂಥ ಗಾಡಿಗೆ ಮೂಲ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಇದನ್ನೆಲ್ಲ ಕೂಡಿಸಿದರೆ ಅಗ್ಗವೆಂದದ್ದು ದುಬಾರಿಯಾದೀತು. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಅವಧಿ; ಆಮೇಲೆ ನವೀಕರಣವಾಗಬೇಕು. ಹದಿನಾಲ್ಕು ವರ್ಷದ ಗಾಡಿ ಕೊಳ್ಳುವವರು ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ಕೊನೆಗೆ ಮನುಷ್ಯ

ಆರ್‌ಸಿಯಲ್ಲಿ ಹೆಸರಿರುವ ವ್ಯಕ್ತಿಯನ್ನು ಖುದ್ದು ಕಾಣದೆ ವ್ಯವಹಾರ ಮುಗಿಸಬಾರದು. 'ಅವರು ವಿದೇಶದಲ್ಲಿದ್ದಾರೆ', 'ನಮ್ಮ ಚಿಕ್ಕಪ್ಪನ ಗಾಡಿ', 'ಅಣ್ಣನ ಹತ್ತಿರ ಬೆಲೆ ಕೇಳಬೇಡಿ' – ಇಂಥ ಮಾತು ಬಂದಾಗಲೆಲ್ಲ ನಿಲ್ಲಬೇಕು. ಗಾಡಿ ನೋಡಲು ಹೋದಾಗ ಅಲ್ಲಿರುವವರನ್ನು ನೇರವಾಗಿ, 'ನಿಮ್ಮ ಗಾಡಿ ಎಷ್ಟಕ್ಕೆ ಕೊಡುತ್ತಿದ್ದೀರಿ? ಹಣ ಯಾರ ಖಾತೆಗೆ ಹಾಕಲಿ?' ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎರಡು ಕಡೆ ಸುಳ್ಳು ಹೇಳುವವನ ಇಡೀ ಬಲೆ ಈ ಎರಡು ಪ್ರಶ್ನೆಗೆ ಹರಿದುಹೋಗುತ್ತದೆ.

ಹಾಗಂತ ಎಲ್ಲ ಮಧ್ಯವರ್ತಿಗಳೂ ಕೆಟ್ಟವರಲ್ಲ. ಹಳೆಯ ವಾಹನಗಳ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ಪ್ರಕಟಿಸಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಅದರಂತೆ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಗಾಡಿ ತನ್ನ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು. ಅಂಗಡಿಯಿಂದ ಕೊಳ್ಳುವವರು ಈ ಅಧಿಕಾರ ಪತ್ರ ತೋರಿಸಲು ಕೇಳಬಹುದು.

ಮನುಷ್ಯ ಸರಿ ಎನಿಸಿದರೂ ಹೆಸರು ಬದಲಾಯಿಸುವ ಕೆಲಸ ಮುಂದಕ್ಕೆ ಹಾಕುವಂತಿಲ್ಲ. ಮಾರಿದವರು ಫಾರಂ 29ರಲ್ಲಿ ತಿಳಿಸಬೇಕು, ಇಬ್ಬರೂ ಸೇರಿ ಫಾರಂ 30 ತುಂಬಬೇಕು. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ ಒಂದೇ ರಾಜ್ಯದೊಳಗಾದರೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಕಾಲಾವಕಾಶ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಕೊಡಬೇಕು. 'ಬಿಡಿ ಸಾರ್, ನಿಧಾನವಾಗಿ ಮಾಡಿಸಿಕೊಳ್ಳೋಣ' ಎನ್ನುವವರು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೆನೆಯಬೇಕು. ಅಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದ್ದೇ ಎಂದು ನ್ಯಾಯಾಲಯ ಹೇಳಿತು. ಮಾರುವವರಿಗೂ ಇದು ಪಾಠವೇ.

ಹಣ ಹೊರಡುವ ಹೊತ್ತು

ನೋಡದ ಗಾಡಿಗೆ ಮುಂಗಡವಿಲ್ಲ. ಟೋಕನ್, ಗೇಟ್ ಪಾಸು, ಕೊರಿಯರ್, ವಾಪಸು ಬರುವ ತೆರಿಗೆ – ಹೆಸರು ಏನೇ ಇರಲಿ, ಅದು ಮುಂಗಡವೇ. ಗಾಡಿ ನೋಡಿ ಒಪ್ಪಿದ ಮೇಲೆ ಮುಂಗಡ ಕೊಡುವುದಾದರೆ ಗಾಡಿಯ ನಂಬರು, ಒಪ್ಪಿದ ಬೆಲೆ, ವ್ಯವಹಾರ ಮುರಿದರೆ ಹಣ ಹಿಂದಿರುಗಿಸುವ ಷರತ್ತು ಬರೆದು ಇಬ್ಬರೂ ಸಹಿ ಹಾಕಬೇಕು. ಹಣ ಹೋಗಬೇಕಾದದ್ದು ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ. ಕಳಿಸುವ ಮುನ್ನ ಪರದೆಯ ಮೇಲೆ ಮೂಡುವ ಹೆಸರನ್ನು ಜೋರಾಗಿ ಓದಿ, ಎದುರಿಗಿರುವವರ ಹೆಸರಿನೊಂದಿಗೆ ತಾಳೆ ನೋಡಬೇಕು. ಕೀಲಿಕೈ ಎರಡನ್ನೂ ಪಡೆಯಬೇಕು. ಒಂದು ಕೀಲಿಕೈಯನ್ನೂ ಗಾಡಿಯಲ್ಲಿ ಅಡಗಿಸಿದ ಜಿಪಿಎಸ್ ಉಪಕರಣವನ್ನೂ ತಮ್ಮ ಬಳಿ ಉಳಿಸಿಕೊಂಡು, ಮಾರಿದ ಗಾಡಿಯನ್ನೇ ರಾತ್ರಿ ಬಂದು ಒಯ್ಯುವವರೂ ಇದ್ದಾರೆ.

ಕಾರು ಕೊಳ್ಳಲು ಮನೆಯ ಹಳೆಯ ಸ್ಕೂಟರು ಮಾರುವವರಿಗೂ ಒಂದು ಮಾತು. ಕೊಳ್ಳುವವನು 'ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದರೆ ಫೋನು ಇಟ್ಟುಬಿಡಬೇಕು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಈ ಒಂದು ಸಾಲನ್ನು ಮನೆಯ ಹಿರಿಯರಿಗೆಲ್ಲ ಬಾಯಿಪಾಠ ಮಾಡಿಸುವುದು ಮಕ್ಕಳ ಕರ್ತವ್ಯ ಎನ್ನಬಹುದು.

ಮೋಸ ಹೋದ ಮೇಲೆ

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೊಮ್ಮೆ ಕಾಲು ಜಾರುತ್ತದೆ. ಆಗ ಮಾಡಬೇಕಾದದ್ದು ಒಂದೇ: ತಕ್ಷಣ 1930ಕ್ಕೆ ಫೋನು ಮಾಡುವುದು. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ನಡೆಯುವ ಸೈಬರ್ ವಂಚನೆ ಸಹಾಯವಾಣಿ. ದೂರು ದಾಖಲಾದೊಡನೆ ಹಣ ಹೋದ ಬ್ಯಾಂಕಿಗೆ ಸೂಚನೆ ತಲುಪುತ್ತದೆ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯಬಹುದು. ವಂಚಕ ಬಂದ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಎಟಿಎಂನಲ್ಲಿ ಬಿಡಿಸಿಕೊಳ್ಳುತ್ತಾನೆ. ಆದ್ದರಿಂದ ಇಲ್ಲಿ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು. ದೂರು ಕೊಡುವಾಗ ಹಣ ಕಳಿಸಿದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ, ಎದುರು ಖಾತೆ ಇಲ್ಲವೇ ಯುಪಿಐ ವಿಳಾಸ ಕೈಯಲ್ಲಿರಬೇಕು. ರಾಷ್ಟ್ರೀಯ ಸೈಬರ್ ಅಪರಾಧ ದೂರಿನ ಜಾಲತಾಣದಲ್ಲೂ ದೂರು ಸಲ್ಲಿಸಬಹುದು. ಹತ್ತಿರದ ಸೈಬರ್ ಪೊಲೀಸ್ ಠಾಣೆಗೂ ಹೋಗಬಹುದು. ವಂಚಕನೊಂದಿಗಿನ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಿಬಿಡಬಾರದು. ಅವೇ ಸಾಕ್ಷ್ಯ.

ಕಾನೂನು ಸುಮ್ಮನೆ ಕುಳಿತಿಲ್ಲ. ಕಂಪ್ಯೂಟರು, ಮೊಬೈಲಿನ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ವಂಚನೆಯಿಂದ ಹಣ, ಆಸ್ತಿ ಲಪಟಾಯಿಸಿದವರಿಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಶಿಕ್ಷೆಯಾಗುವುದು ಬೇರೆ, ಹಣ ವಾಪಸು ಬರುವುದು ಬೇರೆ. ಹಣಕ್ಕೆ ಇರುವ ದಾರಿ ಬೇಗ ಹೇಳುವುದೊಂದೇ.

ಮೇಷ್ಟ್ರ ಮಗ ಕಳೆದುಕೊಂಡದ್ದು ಇಲ್ಲಿಯೇ. 3,150 ಹೋದ ದಿನವೇ ಅಪ್ಪನಿಗೆ ಹೇಳಿದ್ದರೆ ಉಳಿದ 44,700 ರೂಪಾಯಿ ಹೋಗುತ್ತಲೇ ಇರಲಿಲ್ಲ. ಕೊನೆಯ ಕಂತು ಹೋದ ಗಂಟೆಯಲ್ಲಿ ಹೇಳಿದ್ದರೂ ಒಂದಿಷ್ಟು ಉಳಿಯುವ ಸಾಧ್ಯತೆ ಇತ್ತು. ಅವನ ಬಾಯಿ ಕಟ್ಟಿದ್ದು ವಂಚಕನಲ್ಲ. 'ಇಂಜಿನಿಯರಿಂಗ್ ಓದುವವನು ಇಷ್ಟು ದಡ್ಡನೇ' ಎಂಬ ಮಾತು ಕೇಳಬೇಕಾದೀತೆಂಬ ಭಯ. ಬುದ್ಧಿವಂತರೂ ಮೋಸ ಹೋಗುತ್ತಾರೆ. ವಂಚಕನಿಗೆ ಅದೇ ಹಗಲೂ ರಾತ್ರಿಯ ಕಸುಬು; ಕೊಳ್ಳುವವನಿಗೆ ಅದು ಜೀವಮಾನದಲ್ಲಿ ಒಂದೋ ಎರಡೋ ಸಲದ ವ್ಯವಹಾರ. ಹೆತ್ತವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಬೈಗುಳವನ್ನು ಒಂದು ದಿನ ಮುಂದಕ್ಕೆ ಹಾಕಬಹುದು, 1930ಕ್ಕೆ ಮಾಡುವ ಫೋನನ್ನು ಹಾಕುವಂತಿಲ್ಲ.

ನಾಲ್ಕನೆಯ ದಿನ ಹುಡುಗ ಊಟ ಬಿಟ್ಟು ಎದ್ದಾಗ ಅಜ್ಜಿಗೆ ಗೊತ್ತಾಯಿತು. ಅಪ್ಪ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಿ ಹಾಕಿಕೊಂಡು, "ನಡಿ, ಠಾಣೆಗೆ ಹೋಗೋಣ" ಎಂದರು. ಹಣ ಸಿಗಲಿಲ್ಲ. ಆರು ತಿಂಗಳ ನಂತರ ಅದೇ ಊರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರ ಒಂಬತ್ತು ವರ್ಷದ ಕಾರು ಮನೆಗೆ ಬಂತು. ಮೆಕ್ಯಾನಿಕ್ಕು ಎರಡು ಸಲ ನೋಡಿದ್ದರು, ಆರ್‌ಸಿಯನ್ನು ಮಗನೇ ಪರಿವಾಹನದಲ್ಲಿ ತಾಳೆ ನೋಡಿದ್ದ, ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನೂ ಅವನೇ ತೆಗೆದಿದ್ದ. ಹಣ ಕಳಿಸುವಾಗ ಖಾತೆಯ ಹೆಸರನ್ನು ಅಪ್ಪ ತರಗತಿಯಲ್ಲಿ ಹಾಜರಿ ಕರೆದಂತೆ ಜೋರಾಗಿ ಓದಿದರು. ಎದುರಿಗೆ ಕುಳಿತಿದ್ದ ಮಾಲೀಕರು ನಗುತ್ತ "ಹಾಜರ್ ಸಾರ್" ಎಂದರು.

ಕೊಳ್ಳುವಾಗ ನಿಧಾನ, ಮೋಸ ಹೋದಾಗ ಆತುರ. ವಂಚಕ ನಮ್ಮಿಂದ ಬಯಸುವುದು ಇದರ ತಿರುಗುಮುರುಗು.